ಲೆಕ್ಕ ಬಾರದವರ ಗಣಿತ

“ಹುಡುಗನಿಗೆ ಲೆಕ್ಕ ಹತ್ತುವುದಿಲ್ಲ, ಆರ್ಟ್ಸಿಗೆ ಸೇರಿಸಿಬಿಡೋಣ” ಎಂಬ ಮಾತು ಪ್ರತಿವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ನಮ್ಮ ಊರುಗಳ ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆಯೋ, ಅದರ ಲೆಕ್ಕವನ್ನು ಇಟ್ಟವರಿಲ್ಲ. ಹುಡುಗಿಯಾದರೆ ಈ ಮಾತನ್ನು ಇನ್ನೂ ಬೇಗ ಆಡಿಬಿಡುತ್ತಾರೆ. ಆಡಿದವರಿಗೂ ಕೇಳಿದ ಮಕ್ಕಳಿಗೂ ಅದರಿಂದ ಒಂದು ಬಗೆಯ ನೆಮ್ಮದಿ. ಬೀಜಗಣಿತದ ಕಾಟ ತಪ್ಪಿತು, ರೇಖಾಗಣಿತದ ಪ್ರಮೇಯಗಳ ಋಣ ಹರಿಯಿತು, ಇನ್ನು ಮೇಲೆ ಚರಿತ್ರೆ, ಸಾಹಿತ್ಯ, ಸಮಾಜಶಾಸ್ತ್ರ. ಆದರೆ ಹದಿನಾರನೆಯ ವಯಸ್ಸಿನಲ್ಲಿ ಲೆಕ್ಕವನ್ನು ಬಿಟ್ಟವನನ್ನು ಲೆಕ್ಕವೇನೂ ಬಿಡುವುದಿಲ್ಲ. ಇಪ್ಪತ್ತೈದನೆಯ ವಯಸ್ಸಿಗೆ ಅವನು ಸ್ಕೂಟರಿನ ಸಾಲದ ಕಾಗದಕ್ಕೆ ಸಹಿ ಹಾಕುತ್ತಾನೆ. ಮೂವತ್ತಕ್ಕೆ ಚೀಟಿ ಹಾಕುತ್ತಾನೆ. ನಲವತ್ತಕ್ಕೆ ವೈದ್ಯರ ವರದಿಯೊಂದನ್ನು ಕೈಯಲ್ಲಿ ಹಿಡಿದು ಅದರಲ್ಲಿ ಬರೆದಿರುವ ಅಂಕಿಗಳಿಗೆ ಅರ್ಥವೇನೆಂದು ಯಾರನ್ನು ಕೇಳಬೇಕೆಂದು ತಿಳಿಯದೆ ಕುಳಿತಿರುತ್ತಾನೆ.

ಇಂತಹವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಲೇಜಿನ ಮೊದಲ ವರ್ಷಕ್ಕೆ ಏರ್ಪಡಿಸಿರುವ ಒಂದು ಪಾಠಕ್ರಮವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ. ಅದಕ್ಕೆ ವ್ಯಾವಹಾರಿಕ ಗಣಿತತರ್ಕ ಎಂದು ಹೆಸರಿಡಬಹುದು. ಗಣಿತದಲ್ಲಿ ಮುಂದೆ ಹೋಗುವವರಿಗಾಗಿ ಅಲ್ಲ, ಗಣಿತವನ್ನು ಇಲ್ಲಿಗೇ ಮುಗಿಸುವವರಿಗಾಗಿ ಮಾಡಿದ ಪಾಠ ಅದು. ಕಳೆದ ವರ್ಷ ನಮ್ಮ ಊರಿನ ಕಾಲೇಜೊಂದರಲ್ಲಿ ಪ್ರಾಂಶುಪಾಲರ ಅನುಮತಿ ಪಡೆದು ಒಂದು ಅವಧಿಯ ಕಾಲ ಹಿಂದಿನ ಬೆಂಚಿನಲ್ಲಿ ಕುಳಿತು ಈ ಪಾಠವನ್ನು ನಾನೂ ಕೇಳಿದೆನು. ನಾನು ಹೈಸ್ಕೂಲಿನ ಕನ್ನಡ ಪಂಡಿತ. ಹಳಗನ್ನಡ, ವ್ಯಾಕರಣ, ಛಂದಸ್ಸುಗಳನ್ನು ಓದಿ ಬೆಳೆದವನು. ‘ಪಂಡಿತರಿಗೂ ಗಣಿತಕ್ಕೂ ಏನು ನಂಟು?’ ಎಂದು ನೀವು ಕೇಳಿದರೆ ತಪ್ಪಿಲ್ಲ. ಆ ತರಗತಿಯ ಹುಡುಗರೂ ಮೊದಲ ದಿನ ಹಾಗೆಯೇ ನಕ್ಕರು. ನಂಟು ಇದೆಯೆಂಬುದೇ ನಾನು ಹೇಳಬೇಕಾಗಿರುವ ಮಾತು.

ಪಾಠಕ್ರಮದ ಹುಟ್ಟನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. 1959ರಲ್ಲಿ ಇಂಗ್ಲೆಂಡಿನ ಕ್ರೌದರ್ ಸಮಿತಿಯು ಹದಿನೈದರಿಂದ ಹದಿನೆಂಟರ ವಯಸ್ಸಿನವರ ವಿದ್ಯಾಭ್ಯಾಸವನ್ನು ಕುರಿತು ವರದಿ ಬರೆಯುವಾಗ, ಅಕ್ಷರಜ್ಞಾನಕ್ಕೆ ಜೋಡಿಯಾಗಿ ‘ನ್ಯೂಮರಸಿ’ ಎಂಬ ಹೊಸ ಶಬ್ದವನ್ನು ಟಂಕಿಸಿತು. ಅಂಕಿಜ್ಞಾನ ಎನ್ನೋಣ. ಅಕ್ಷರ ಬಾರದವನಂತೆ ಅಂಕಿ ಬಾರದವನೂ ಲೋಕವ್ಯವಹಾರದಲ್ಲಿ ಕುರುಡನಂತೆ ತಡವರಿಸುತ್ತಾನೆ ಎಂಬುದು ಅದರ ಆಶಯ. ಮುಂದೆ 1988ರಲ್ಲಿ ಅಮೆರಿಕದಲ್ಲಿ ‘ಫಾರ್ ಆಲ್ ಪ್ರಾಕ್ಟಿಕಲ್ ಪರ್ಪಸಸ್’ ಎಂಬ ಪಠ್ಯಪುಸ್ತಕವು ಹೊರಬಂತು. ಜೊತೆಗೆ ದೂರದರ್ಶನದ ಪಾಠಮಾಲೆಯೂ ಇತ್ತು. ವಿಜ್ಞಾನ ಓದದ ಕಾಲೇಜು ವಿದ್ಯಾರ್ಥಿಗಳಿಗೆ ಬೀದಿಗಳ ಜಾಲ, ಅಂಕಿಅಂಶ, ಚುನಾವಣೆಯ ಮತ, ಸಾಲ ಬಡ್ಡಿ ಮುಂತಾದುವುಗಳ ಮೂಲಕ ಗಣಿತದ ವಿಚಾರಸರಣಿಯನ್ನು ಕಲಿಸುವುದು ಅದರ ಕ್ರಮ. ನಾನು ಕೇಳಿದ ಪಾಠದ ಅಧ್ಯಾಪಕಿಯೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ನಡೆದರು.

ಇದೆಲ್ಲ ಪರದೇಶದಿಂದ ಬಂದ ಸರಕು ಎಂದುಕೊಳ್ಳಬೇಡಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದನು. ಲೌಕಿಕ, ವೈದಿಕ ವ್ಯವಹಾರಗಳಿಗೆಲ್ಲ ಗಣಿತ ಬೇಕೆಂದು ಗ್ರಂಥದ ಆರಂಭದಲ್ಲಿಯೇ ಅವನು ಸಾರುತ್ತಾನೆ. ಅಸಲು ಬಡ್ಡಿ ಕಾಲಗಳು ಬೆರೆತ ಲೆಕ್ಕಗಳಿಗೆ ವಿಶೇಷವಾದ ಸ್ಥಾನ ಕೊಡುತ್ತಾನೆ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಇನ್ನು ಕನ್ನಡದಲ್ಲಿಯೇ 12ನೆಯ ಶತಮಾನದ ರಾಜಾದಿತ್ಯನು ಗಣಿತವನ್ನು ಬರೆದನು. ಅವನ ಒಂದು ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಪಂಪ ರನ್ನರ ಭಾಷೆಯಲ್ಲಿ ವರ್ತಕನ ಲೆಕ್ಕವನ್ನೂ ಹೇಳಬಹುದೆಂದು ತೋರಿಸಿದವನು ಅವನು. ನಾವು ಪಂಡಿತ ಪರೀಕ್ಷೆಗೆ ಓದುವಾಗ ಇವನ ಹೆಸರನ್ನು ಕವಿಚರಿತೆಯ ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಸಾಗುತ್ತಿದ್ದೆವು!

ಈಗ ಪಾಠಕ್ಕೆ ಬರೋಣ. ಮೊದಲನೆಯ ತಿಂಗಳೆಲ್ಲ ಶೇಕಡದ ಲೆಕ್ಕ. ಶೇಕಡ ಯಾರಿಗೆ ತಿಳಿಯದು ಎನ್ನುತ್ತೀರಿ. ದೀಪಾವಳಿಯ ಬಟ್ಟೆಯಂಗಡಿಯ ಜಾಹೀರಾತನ್ನು ನೋಡಿ: ‘ಶೇಕಡ 50 ರಿಯಾಯಿತಿ, ಅದರ ಮೇಲೆ ಇನ್ನೂ ಶೇಕಡ 20.’ ತರಗತಿಯಲ್ಲಿ ಅರ್ಧಕ್ಕರ್ಧ ಮಂದಿ, ಒಟ್ಟು ಶೇಕಡ 70 ಕಡಿಮೆಯಾಯಿತೆಂದು ಕೈಯೆತ್ತಿದರು. 1,000 ರೂಪಾಯಿಯ ಸೀರೆ ಮೊದಲ ರಿಯಾಯಿತಿಗೆ 500 ಆಗುತ್ತದೆ. ಎರಡನೆಯ ರಿಯಾಯಿತಿ ಆ ಐದುನೂರರ ಮೇಲೆ, ಅಂದರೆ 100 ರೂಪಾಯಿ. ಸೀರೆಗೆ 400 ಕೊಡಬೇಕು. ಕಡಿಮೆಯಾದದ್ದು ಶೇಕಡ 60. ಇನ್ನೊಂದು ಅಂಗಡಿಯವನು 100 ರೂಪಾಯಿಯ ಸಾಮಾನನ್ನು ಶೇಕಡ 20 ಏರಿಸಿ, ಆಮೇಲೆ ಶೇಕಡ 20 ಇಳಿಸಿದರೆ ಬೆಲೆ ಮೊದಲಿನಷ್ಟಕ್ಕೇ ಬರುವುದಿಲ್ಲ, 96ಕ್ಕೆ ಬರುತ್ತದೆ. ಏರಿದ್ದು ನೂರರ ಮೇಲೆ, ಇಳಿದದ್ದು ನೂರಿಪ್ಪತ್ತರ ಮೇಲೆ.

ಇಲ್ಲಿ ನನಗೆ ನನ್ನ ವ್ಯಾಕರಣವೇ ಎದುರಿಗೆ ಬಂದು ನಿಂತಂತಾಯಿತು. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ‘ತಂದನು’ ಎಂದಷ್ಟೇ ಹೇಳಿದರೆ ಯಾರು, ಏನನ್ನು ಎಂಬ ಆಕಾಂಕ್ಷೆ ಉಳಿಯುತ್ತದೆ, ಅರ್ಥ ಪೂರ್ತಿಯಾಗುವುದಿಲ್ಲ. ಶೇಕಡ ಎಂಬ ಮಾತೂ ಹಾಗೆಯೇ. ಅದು ಸದಾ ಒಂದು ಷಷ್ಠೀ ವಿಭಕ್ತಿಯನ್ನು ಬೇಡುತ್ತದೆ: ಯಾವುದರ ಶೇಕಡ? ಜಾಹೀರಾತುಗಳೂ ಸುದ್ದಿಯ ತಲೆಬರಹಗಳೂ ಈ ‘ಯಾವುದರ’ ಎಂಬುದನ್ನು ಮೆಲ್ಲನೆ ಬಿಟ್ಟುಬಿಡುತ್ತವೆ. ಬಿಟ್ಟ ಜಾಗವನ್ನು ಓದುಗನು ತನಗೆ ಇಷ್ಟಬಂದಂತೆ ತುಂಬಿಕೊಳ್ಳುತ್ತಾನೆ. ಮೋಸವೆಲ್ಲ ಇರುವುದು ಅಲ್ಲಿ. ಹಾಗೆ ನೋಡಿದರೆ ಈ ಪಾಠದ ಮುಕ್ಕಾಲು ಪಾಲು ವಾಕ್ಯವನ್ನು ಸರಿಯಾಗಿ ಓದುವ ಅಭ್ಯಾಸ. ಕೂಡಿಸಿ ಕಳೆಯುವ ಕೆಲಸವನ್ನು ಅಧ್ಯಾಪಕಿ ಸಂಕೋಚವಿಲ್ಲದೆ ಕ್ಯಾಲ್ಕ್ಯುಲೇಟರಿಗೆ ಒಪ್ಪಿಸಿಬಿಟ್ಟರು.

ಸಾಲದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ನಿಮ್ಮ ಮನೆಯ ಮಾತು. ನಿಮಗೆ 12,000 ರೂಪಾಯಿ ಸಾಲ ಬೇಕು. ‘ಶೇಕಡ 10 ಬಡ್ಡಿ, ಒಂದು ವರ್ಷ, ಹನ್ನೆರಡು ಸಮಕಂತು’ ಎನ್ನುತ್ತಾನೆ ಅಂಗಡಿಯವನು. 12,000ಕ್ಕೆ ಬಡ್ಡಿ 1,200. ಒಟ್ಟು 13,200. ತಿಂಗಳಿಗೆ 1,100. ಇದರಲ್ಲಿ ತಪ್ಪೇನಿದೆ? ಗುಣಾಕಾರದಲ್ಲಿ ಏನೂ ತಪ್ಪಿಲ್ಲ. ಆದರೆ ನಮ್ಮ ಪ್ರಶ್ನೆಯನ್ನು ಕೇಳಿ: ಯಾವುದರ ಶೇಕಡ ಹತ್ತು? ಹನ್ನೆರಡು ಸಾವಿರದ್ದು. ಆ ಹನ್ನೆರಡು ಸಾವಿರ ನಿಮ್ಮ ಕೈಯಲ್ಲಿ ಎಷ್ಟು ದಿನ ಇತ್ತು? ಒಂದೇ ತಿಂಗಳು. ಮೊದಲ ಕಂತಿನೊಡನೆ ಅಸಲಿನಲ್ಲಿ ಸಾವಿರ ಹಿಂದಕ್ಕೆ ಹೋಯಿತು. ಎರಡನೆಯ ತಿಂಗಳು ನಿಮ್ಮ ಬಳಿ ಇದ್ದದ್ದು 11,000, ಮೂರನೆಯ ತಿಂಗಳು 10,000, ಕೊನೆಯ ತಿಂಗಳು ಬರಿಯ 1,000. ಈ ಹನ್ನೆರಡನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ, ವರ್ಷವಿಡೀ ನಿಮ್ಮ ಬಳಿ ಸರಾಸರಿ ಇದ್ದ ಹಣ 6,500 ರೂಪಾಯಿ. ಅಷ್ಟಕ್ಕೆ ನೀವು ತೆತ್ತ ಬಡ್ಡಿ 1,200. ಅಂದರೆ ನೂರಕ್ಕೆ ಹದಿನೆಂಟರ ಮೇಲೆ ಚಿಲ್ಲರೆ! ಉಳಿದ ಬಾಕಿಯ ಮೇಲೆ ತಿಂಗಳು ತಿಂಗಳು ಬಡ್ಡಿ ಕಟ್ಟುವ ಕರಾರುವಾಕ್ಕಾದ ಕ್ರಮದಲ್ಲಿ ಲೆಕ್ಕ ಹಾಕಿದರೂ ದರವು ವರ್ಷಕ್ಕೆ ಶೇಕಡ 18ಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಹತ್ತು ಎಂದು ಹೇಳಿದ್ದು ಹದಿನೆಂಟಾಯಿತು. ಸುಳ್ಳನ್ನು ಯಾರೂ ಹೇಳಲಿಲ್ಲ. ಇದನ್ನು ಫ್ಲಾಟ್ ರೇಟ್ ಎನ್ನುತ್ತಾರೆ.

ರಿಸರ್ವ್ ಬ್ಯಾಂಕು 2024ರ ಏಪ್ರಿಲಿನಲ್ಲಿ ಆಜ್ಞೆ ಹೊರಡಿಸಿ, ಅದೇ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಅದರ ಅಧೀನದ ಸಾಲ ಸಂಸ್ಥೆಗಳೂ ಸಾಲಗಾರನಿಗೆ ಮುಖ್ಯ ಸಂಗತಿಗಳ ಒಂದು ಪಟ್ಟಿಯನ್ನು ಕೊಡಬೇಕೆಂದು ವಿಧಿಸಿತು. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ತೋರಿಸಲೇಬೇಕು. ನೀವು ಆ ಪಟ್ಟಿಯನ್ನು ಕೇಳಿ ಪಡೆಯಿರಿ. ಆ ದರದ ಸಾಲನ್ನು ಓದಿದ ಮೇಲೆ ಸಹಿ ಹಾಕಿ. ಮೊಬೈಲಿನ ಮೇಲೆ ಬೆರಳೊತ್ತಿ ಪಡೆಯುವ ಸಾಲಕ್ಕೂ ಇದೇ ಮಾತು.

ನಮ್ಮ ಕಡೆ ಕೈಸಾಲದವರ ಭಾಷೆ ಬೇರೆ. ‘ಮೂರು ರೂಪಾಯಿ ಬಡ್ಡಿ’ ಎನ್ನುತ್ತಾರೆ. ಕಿವಿಗೆ ಎಷ್ಟು ಹಗುರ! ನೂರಕ್ಕೆ ಮೂರು ರೂಪಾಯಿ, ಆದರೆ ತಿಂಗಳಿಗೆ. ವರ್ಷಕ್ಕೆ ಮೂವತ್ತಾರು. ಬಡ್ಡಿಯನ್ನು ಕಟ್ಟದೆ ಅಸಲಿಗೆ ಸೇರಿಸುತ್ತ ಹೋದರೆ, ಎಷ್ಟು ಕಾಲದಲ್ಲಿ ಸಾಲ ಇಮ್ಮಡಿಯಾಗುವುದೆಂಬುದಕ್ಕೆ ಒಂದು ಸುಲಭವಾದ ಸೂತ್ರವಿದೆ: 72ನ್ನು ದರದಿಂದ ಭಾಗಿಸಿ. ತಿಂಗಳಿಗೆ ಮೂರಾದರೆ ಇಪ್ಪತ್ತನಾಲ್ಕು ತಿಂಗಳು. ಎರಡೇ ವರ್ಷಕ್ಕೆ ಹತ್ತು ಸಾವಿರ ಇಪ್ಪತ್ತು ಸಾವಿರವಾಗುತ್ತದೆ. ಸೂತ್ರ ಸ್ಥೂಲವಾದದ್ದು, ದರ ಬಹಳ ಹೆಚ್ಚಾದರೆ ಹೊಂದುವುದಿಲ್ಲ. ಆದರೂ ಬಸ್ಸಿನಲ್ಲಿ ನಿಂತುಕೊಂಡೇ ಹಾಕಬಹುದಾದ ಲೆಕ್ಕ.

ಹಣದ ಮಾತು ಸಾಕು. ಜೀವದ ಮಾತೂ ಉಂಟು. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಒಂದು ಎಚ್ಚರಿಕೆಯನ್ನು ಹೊರಡಿಸಿತು. ಹೊಸ ಬಗೆಯ ಸಂತಾನನಿರೋಧದ ಗುಳಿಗೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವು ಇಮ್ಮಡಿಯಾಗುತ್ತದೆ ಎಂದು. ಇಮ್ಮಡಿ! ಪತ್ರಿಕೆಗಳೂ ಟೆಲಿವಿಷನ್ನೂ ಅದನ್ನೇ ಸಾರಿದವು. ಹೆಂಗಸರು ಗಾಬರಿಯಿಂದ ಗುಳಿಗೆಗಳನ್ನು ಬಿಟ್ಟರು. ವಾಸ್ತವವಾಗಿ ಹಳೆಯ ಗುಳಿಗೆ ನುಂಗುತ್ತಿದ್ದ ಸುಮಾರು 7,000 ಮಂದಿಯಲ್ಲಿ ಒಬ್ಬರಿಗೆ ಬರುತ್ತಿದ್ದ ತೊಂದರೆ ಹೊಸದರಿಂದ ಇಬ್ಬರಿಗೆ ಬರುತ್ತಿತ್ತು. ಅದು ಇಮ್ಮಡಿಯೇ ಹೌದು. ಆದರೆ ಏಳು ಸಾವಿರಕ್ಕೆ ಒಬ್ಬರು ಹೆಚ್ಚು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತಗಳು ಈ ಗಾಬರಿಯಿಂದಾಗಿ ಹೆಚ್ಚಾದುವೆಂದು ಅಂದಾಜು ಮಾಡಿದ್ದಾರೆ. ಗರ್ಭ ಧರಿಸಿದಾಗ ಹೆಪ್ಪುಗಟ್ಟುವ ಅಪಾಯ ಆ ಗುಳಿಗೆಯಿಂದ ಬರುವುದಕ್ಕಿಂತಲೂ ಹೆಚ್ಚು ಎಂಬುದು ಇದರಲ್ಲಿಯ ದುರಂತ. ಯಾವುದರ ಇಮ್ಮಡಿ ಎಂಬ ಒಂದು ಪ್ರಶ್ನೆಯನ್ನು ವರದಿಗಾರರು ಕೇಳಿದ್ದರೆ ಸಾಕಾಗಿತ್ತು.

ರೋಗಪರೀಕ್ಷೆಯ ವರದಿಯನ್ನು ಓದುವುದನ್ನೂ ಈ ಪಾಠದಲ್ಲಿ ಹೇಳಿಕೊಡುತ್ತಾರೆ. ಬರಿಯ ಉದಾಹರಣೆಗಾಗಿ ಒಂದು ಲೆಕ್ಕ. ಸಾವಿರ ಮಂದಿಯಲ್ಲಿ ಹತ್ತು ಮಂದಿಗೆ ಒಂದು ರೋಗ ಇದೆಯೆನ್ನಿ. ಪರೀಕ್ಷೆಯು ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಆದರೆ ರೋಗವಿಲ್ಲದವರಲ್ಲಿಯೂ ಹತ್ತಕ್ಕೊಬ್ಬರಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ರೋಗವಿಲ್ಲದವರು 990 ಮಂದಿ. ಅವರಲ್ಲಿ 99 ಮಂದಿಗೆ ಸುಮ್ಮಸುಮ್ಮನೆ ಅಂಜಿಕೆ. ಒಟ್ಟು ‘ಇದೆ’ ಎನ್ನಿಸಿಕೊಂಡವರು 108. ಅವರಲ್ಲಿ ನಿಜವಾಗಿ ರೋಗವುಳ್ಳವರು ಒಂಬತ್ತು ಮಂದಿ, ಅಂದರೆ ಹನ್ನೆರಡಕ್ಕೆ ಒಬ್ಬರು! ‘ರೋಗವಿದ್ದರೆ ಪರೀಕ್ಷೆ ತೋರಿಸುತ್ತದೆ’ ಎಂಬುದೂ ‘ಪರೀಕ್ಷೆ ತೋರಿಸಿದರೆ ರೋಗವಿದೆ’ ಎಂಬುದೂ ಒಂದೇ ವಾಕ್ಯವಲ್ಲ. ವೈದ್ಯರು ಎರಡನೆಯ ಪರೀಕ್ಷೆ ಮಾಡಿಸಬೇಕೆಂದಾಗ ಅದು ಹಣ ಕೀಳುವ ಉಪಾಯವೆಂದು ಗೊಣಗುವವರು ಈ ಲೆಕ್ಕವನ್ನು ನೆನೆಯಬೇಕು. ಮೊದಲ ವರದಿಯಲ್ಲಿಯೇ ಎದೆಯೊಡೆದುಕೊಳ್ಳುವವರೂ ನೆನೆಯಬೇಕು. ಆದರೆ ವರದಿಯನ್ನು ಗೂಟಕ್ಕೆ ಸಿಕ್ಕಿಸಿ ಮರೆಯುವುದು ಮಾತ್ರ ಕೂಡದು.

ವಾಕ್ಯವನ್ನು ಹೀಗೆ ಹಿಂದುಮುಂದು ಮಾಡಿದರೆ ಸತ್ಯ ಉಳಿಯುವುದಿಲ್ಲವೆಂಬುದು ನಮ್ಮ ತರ್ಕಶಾಸ್ತ್ರಕ್ಕೆ ಹೊಸತಲ್ಲ. ಹೊಗೆಯಿರುವಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆ ಇರಬೇಕಾಗಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಹೊಗೆ ಎಲ್ಲಿಂದ ಬಂತು? ಹಸಿಯ ಸೌದೆಯಿಂದ. ಈ ಹಸಿಯ ಸೌದೆಗೆ ನೈಯಾಯಿಕರು ಉಪಾಧಿ ಎಂದು ಹೆಸರಿಟ್ಟರು. ಎರಡು ಸಂಗತಿಗಳು ಜೊತೆಯಾಗಿ ಕಂಡಾಗ, ಅವೆರಡರ ಸಂಬಂಧಕ್ಕೆ ಕಾರಣವಾಗಿ ಮರೆಯಲ್ಲಿ ನಿಂತಿರುವ ಮೂರನೆಯದು ಯಾವುದು ಎಂದು ಹುಡುಕುವ ಶಿಸ್ತು ಅದು. ಅಧ್ಯಾಪಕಿ ಕಪ್ಪು ಹಲಗೆಯ ಮೇಲೆ ಒಂದು ಟ್ಯೂಷನ್ ಕೇಂದ್ರದ ಜಾಹೀರಾತನ್ನು ಬರೆದರು: ‘ನಮ್ಮಲ್ಲಿ ಕಲಿತವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಪ್ರಥಮ ದರ್ಜೆ.’ ಒಂದು ನಿಮಿಷ ತರಗತಿಯಲ್ಲಿ ಮೌನ. ಅನಂತರ ಹಿಂದಿನ ಬೆಂಚಿನಿಂದ, ‘ಅಲ್ಲಿಗೆ ಸೇರಿಸಿಕೊಳ್ಳುವುದಕ್ಕೆ ಮೊದಲೇ ಪರೀಕ್ಷೆ ಮಾಡಿ ಆರಿಸುತ್ತಾರೆ, ಮೇಡಂ’ ಎಂದು ಒಬ್ಬ ಹುಡುಗ ಹೇಳಿದ. ಉಪಾಧಿ ಸಿಕ್ಕಿತು! ಅವನು ತರ್ಕಸಂಗ್ರಹದ ಹೆಸರನ್ನೂ ಕೇಳಿದವನಲ್ಲ. ನನ್ನ ಮನಸ್ಸಿಗೆ ಆ ದಿನ ಆದ ಸಂತೋಷವನ್ನು ಹೇಳಲಾರೆ.

ಎಣಿಸುವ ವಿದ್ಯೆಯಲ್ಲಿಯೂ ಕನ್ನಡ ಓದಿದವರು ಹಿಂದೆ ಬೀಳಬೇಕಾಗಿಲ್ಲ. ಕಂದಪದ್ಯವು ನಾಲ್ಕು ಮಾತ್ರೆಯ ಗಣಗಳಿಂದಾಗುತ್ತದೆಂದು ನೀವು ಶಾಲೆಯಲ್ಲಿ ಕಲಿತಿದ್ದೀರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ನಾಲ್ಕು ಮಾತ್ರೆಯ ಗಣಗಳು ಎಷ್ಟು ಬಗೆ? ಎರಡು ಗುರು, ಎರಡು ಲಘು ಒಂದು ಗುರು, ಲಘು ಗುರು ಲಘು, ಗುರು ಎರಡು ಲಘು, ನಾಲ್ಕು ಲಘು. ಐದೇ. ಮೂರು ಮಾತ್ರೆಗೆ ಮೂರು ಬಗೆ, ಎರಡಕ್ಕೆ ಎರಡು. ಎಲ್ಲವನ್ನೂ ಬರೆದು ನೋಡದೆಯೇ ಐದು ಮಾತ್ರೆಗೆ ಎಷ್ಟೆಂದು ಹೇಳಬಹುದು. ಗಣದ ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತದೆ, ಐದು ಬಗೆ. ಗುರುವಾದರೆ ಮೂರು ಮಾತ್ರೆ ಉಳಿಯುತ್ತದೆ, ಮೂರು ಬಗೆ. ಒಟ್ಟು ಎಂಟು. ಹಿಂದಿನ ಎರಡನ್ನು ಕೂಡಿಸುತ್ತ ಹೋಗುವ ಈ ಸರಣಿಯನ್ನು 12ನೆಯ ಶತಮಾನದ ಹೇಮಚಂದ್ರನು ಛಂದಸ್ಸಿನ ಸಂದರ್ಭದಲ್ಲಿ ಹೇಳಿದ್ದಾನೆ. ಅವನಿಗಿಂತ ಹಿಂದಿನವರಿಗೂ ಅದು ತಿಳಿದಿತ್ತು. ಇಟಲಿಯ ಫಿಬೊನಾಚ್ಚಿಯು ಮೊಲಗಳ ಸಂತಾನದ ಲೆಕ್ಕದಲ್ಲಿ ಅದನ್ನು ಬರೆದದ್ದು 1202ರಲ್ಲಿ. ಇಡೀ ಲೋಕ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತದೆ. ಇರಲಿ, ಆ ಜಗಳ ಇಲ್ಲಿ ಬೇಡ.

ಬೀದಿಗಳ ಲೆಕ್ಕವನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ ಏಳು ಸೇತುವೆಗಳಿದ್ದವು. ಒಂದನ್ನೂ ಎರಡು ಸಲ ದಾಟದೆ ಏಳನ್ನೂ ದಾಟಿಬರಬಹುದೆ ಎಂಬುದಕ್ಕೆ 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞನು ಆಗದು ಎಂದು ತೋರಿಸಿದನು. ನೆಲದ ಒಂದು ಭಾಗಕ್ಕೆ ಬಂದರೆ ಅಲ್ಲಿಂದ ಹೊರಡಲೂ ಬೇಕು. ಆದ್ದರಿಂದ ಹೊರಟ ಸ್ಥಳ, ಮುಗಿಸಿದ ಸ್ಥಳ ಬಿಟ್ಟು ಉಳಿದೆಡೆಯಲ್ಲಿ ಸೇತುವೆಗಳು ಜೋಡಿಜೋಡಿಯಾಗಿರಬೇಕು. ಅಲ್ಲಿ ನಾಲ್ಕು ಭಾಗಗಳಲ್ಲಿಯೂ ಬೆಸಸಂಖ್ಯೆಯ ಸೇತುವೆಗಳಿದ್ದುವು. ಅಂಚೆಯವನು, ಕಸದ ಗಾಡಿಯವನು ಒಂದೇ ಬೀದಿಯನ್ನು ಎರಡು ಸಲ ಸುತ್ತದಂತೆ ದಾರಿ ಹಾಕುವ ವಿದ್ಯೆ ಇದರಿಂದ ಬೆಳೆಯಿತು. ಪುಸ್ತಕದಲ್ಲಿ ಇದಕ್ಕೆ ಕೊಟ್ಟಿರುವ ಉದಾಹರಣೆಗಳು ಮಾತ್ರ ನಮಗೆ ಹತ್ತುವುದಿಲ್ಲ. ಹಿಮ ಗುಡಿಸುವ ಬಂಡಿ, ವಾಹನ ನಿಲ್ಲಿಸುವ ಕಡೆ ನಾಣ್ಯ ಹಾಕುವ ಯಂತ್ರ! ನಮ್ಮ ರಥಬೀದಿಯನ್ನು, ಹಾಲು ಹಾಕುವವನ ಸೈಕಲ್ಲನ್ನು ತೆಗೆದುಕೊಂಡಿದ್ದರೆ ಏನು ಕುಂದುತ್ತಿತ್ತು? ಕನ್ನಡದಲ್ಲಿ ಇಂತಹ ಪಾಠಪುಸ್ತಕವನ್ನು ಬರೆಯುವವರು ಮುಂದೆ ಬರಬೇಕು. ಅಂದಾಜಿನ ಲೆಕ್ಕಕ್ಕಂತೂ ನಮ್ಮ ಮನೆಗಳಲ್ಲಿಯೇ ಬೇಕಾದಷ್ಟು ಸಾಮಗ್ರಿ ಇದೆ. ನಿಮ್ಮ ಬಚ್ಚಲಿನ ನಲ್ಲಿ ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕುತ್ತಿದ್ದರೆ ದಿನಕ್ಕೆ 86,400 ಹನಿ. ಮಿಲಿಲೀಟರಿಗೆ ಸುಮಾರು 20 ಹನಿಯೆಂದರೆ ನಾಲ್ಕು ಲೀಟರಿಗೂ ಮೇಲೆ, ತಿಂಗಳಿಗೆ ಸುಮಾರು 130 ಲೀಟರು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಲ್ಲಿ ಇಟ್ಟುಕೊಂಡಿದ್ದ ನಮ್ಮ ಹಿರಿಯರಿಗೆ ಇಂತಹ ಅಂದಾಜು ನೀರು ಕುಡಿದಷ್ಟು ಸುಲಭವಾಗಿತ್ತು. ಆ ಅಭ್ಯಾಸಕ್ಕೆ ಈ ಪಾಠದಲ್ಲಿ ಇನ್ನೂ ಹೆಚ್ಚು ಗಂಟೆಗಳನ್ನು ಕೊಡಬೇಕೆಂದು ನನ್ನ ಅಭಿಪ್ರಾಯ.

ಆರ್ಟ್ಸ್ ಓದಿದ ಮಕ್ಕಳ ತಂದೆತಾಯಿಗಳು ಇನ್ನೊಂದು ಕಾರಣಕ್ಕಾಗಿಯೂ ಇದನ್ನು ಗಮನಿಸಬೇಕು. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವೀಸಸ್ ಪ್ರಾಥಮಿಕ ಪರೀಕ್ಷೆಯಲ್ಲಿ 2011ರಿಂದ ಸಿ-ಸ್ಯಾಟ್ ಎಂದು ಕರೆಯುವ ಎರಡನೆಯ ಪತ್ರಿಕೆಯೊಂದಿದೆ. ಅದರಲ್ಲಿ ತರ್ಕ, ಅಂಕಿಜ್ಞಾನ, ಓದಿ ಗ್ರಹಿಸುವುದು ಇವೆಲ್ಲ ಸೇರಿವೆ. 80 ಪ್ರಶ್ನೆ, 200 ಅಂಕ. 2015ರಿಂದ ಅದರಲ್ಲಿ ಶೇಕಡ 33 ಬಂದರೆ ಸಾಕು. ಬಾರದಿದ್ದರೆ ಮಾತ್ರ ಮೊದಲನೆಯ ಪತ್ರಿಕೆಯ ಪಾಂಡಿತ್ಯವೆಲ್ಲ ವ್ಯರ್ಥ. ಸರಿಯುತ್ತರಕ್ಕೆ ಎರಡೂವರೆ ಅಂಕ, ತಪ್ಪಿಗೆ ಅದರ ಮೂರನೆಯ ಒಂದು ಪಾಲು ಕಡಿತ. ಕಣ್ಣು ಮುಚ್ಚಿ ಊಹಿಸಿದರೆ ಲಾಭವೆ, ನಷ್ಟವೆ? ನಾಲ್ಕು ಉತ್ತರಗಳಿರುವ ನಾಲ್ಕು ಪ್ರಶ್ನೆಗಳಿಗೆ ಕುರುಡಾಗಿ ಗುರುತು ಹಾಕಿದರೆ ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು; ಬಂದದ್ದು ಎರಡೂವರೆ, ಹೋದದ್ದೂ ಎರಡೂವರೆ. ಸೊನ್ನೆ. ಆದರೆ ಪ್ರತಿಯೊಂದರಲ್ಲಿಯೂ ಒಂದು ಉತ್ತರ ಖಂಡಿತ ಅಲ್ಲವೆಂದು ತಿಳಿದಿದ್ದರೆ, ಅಂತಹ ಮೂರು ಪ್ರಶ್ನೆಗಳಲ್ಲಿ ಒಂದು ಸರಿ, ಎರಡು ತಪ್ಪು. ಕಡಿತ ಹೋಗಿ ಮುಕ್ಕಾಲಕ್ಕಿಂತ ತುಸು ಹೆಚ್ಚು ಅಂಕ ಮಿಗುತ್ತದೆ. ಅರೆಬರೆ ತಿಳಿವಳಿಕೆಗೂ ಬೆಲೆಯುಂಟು, ಏನೂ ತಿಳಿಯದ ಧೈರ್ಯಕ್ಕೆ ಇಲ್ಲ. ಈ ನಿಯಮವನ್ನು ಮಾಡಿದವರು ಲೆಕ್ಕ ಬಲ್ಲವರೇ ಸರಿ.

ನಿಮ್ಮ ಮನೆಯಿಂದ ಯಾರಾದರೂ ಇಂತಹ ಪಾಠಕ್ಕೆ ಸೇರುವುದಾದರೆ ಒಂದೆರಡು ಸೂಚನೆ. ಪ್ರಶ್ನೆಯನ್ನು ಮೊದಲು ತಮ್ಮ ಮಾತಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ. ಉತ್ತರವನ್ನು ಬರಿಯ ಅಂಕಿಯಾಗಿ ಬಿಡದೆ ಪೂರ್ಣ ವಾಕ್ಯವಾಗಿ ಬರೆಯಲಿ. ಲೆಕ್ಕಕ್ಕೆ ಕೈಹಾಕುವ ಮೊದಲು ಉತ್ತರ ಸುಮಾರು ಎಷ್ಟಿರಬೇಕೆಂದು ಊಹಿಸಲಿ. ಇಲ್ಲದಿದ್ದರೆ ಕ್ಯಾಲ್ಕ್ಯುಲೇಟರಿನಲ್ಲಿ ಒಂದು ಗುಂಡಿ ತಪ್ಪಿ ಒತ್ತಿ, ತಿಂಗಳ ಕಂತು ಒಂದು ಲಕ್ಷವೆಂದು ಬಂದರೂ ಹಾಗೆಯೇ ಬರೆದುಬಿಡುತ್ತಾರೆ. ಸೂತ್ರಗಳನ್ನು ಬಾಯಿಪಾಠ ಮಾಡಿ ಪಾಸಾಗುವ ದಾರಿ ಇಲ್ಲಿಯೂ ತೆರೆದೇ ಇದೆ. ಅದು ಈ ಪಾಠದ ದೊಡ್ಡ ಶತ್ರು. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ತೆಗೆಯುವವರೇ ಅದನ್ನು ಮುಚ್ಚಬೇಕು.

ನಾನು ಕುಳಿತಿದ್ದ ತರಗತಿಯಲ್ಲಿ ಅವಧಿಯ ಕೊನೆಗೆ ಒಂದು ಒಳ್ಳೆಯ ಕೆಲಸ ಕೊಟ್ಟಿದ್ದರು. ಪ್ರತಿಯೊಬ್ಬರೂ ಮನೆಯಿಂದ ಅಂಕಿಗಳಿರುವ ಒಂದು ಕಾಗದವನ್ನು ತಂದು ಅದನ್ನು ಕುರಿತು ಒಂದು ಪುಟ ಬರೆಯಬೇಕು. ಕರೆಂಟಿನ ಬಿಲ್ಲು ತಂದವರುಂಟು, ಚೀಟಿಯ ಪುಸ್ತಕ ತಂದವರುಂಟು. ದರ್ಜಿಯೊಬ್ಬರ ಮಗಳು, ಬಿ.ಎ. ಹುಡುಗಿ, ತಂದೆಯ ಸಾಲದ ಲೆಕ್ಕವನ್ನು ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ತಂದಿದ್ದಳು. 40,000 ರೂಪಾಯಿ ಕೈಸಾಲ, ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,200ರಂತೆ ಇಪ್ಪತ್ತು ತಿಂಗಳು ಒಂದೂ ತಪ್ಪದೆ ಕಟ್ಟಿದ್ದರು. 24,000 ಸಂದಿತ್ತು, ಅಸಲು 40,000 ಹಾಗೆಯೇ ನಿಂತಿತ್ತು. ಅವಳು ಬರೆದ ಪುಟವನ್ನು ರಾತ್ರಿ ತಂದೆಗೆ ಓದಿ ಹೇಳಿದಳಂತೆ. ಅವರಿಗೆ ಪ್ರತಿ ತಿಂಗಳ ಸಾವಿರದ ಇನ್ನೂರು ಗೊತ್ತಿತ್ತು. ಅದೆಲ್ಲವನ್ನೂ ಒಟ್ಟು ಮಾಡಿ ಯಾರೂ ಅವರ ಮುಂದೆ ಇಟ್ಟಿರಲಿಲ್ಲ. ಮುಂದಿನ ವಾರ ಮನೆಯ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಆ ಸಾಲವನ್ನು ತೀರಿಸಿದರು. ಬ್ಯಾಂಕಿನ ಬಡ್ಡಿ ತಿಂಗಳಿಗೆ 350ರ ಆಸುಪಾಸು. ಮಿಕ್ಕದ್ದನ್ನು ಅಸಲಿಗೆ ಕಟ್ಟುತ್ತಿದ್ದಾರೆ.

ಆ ಪುಟಕ್ಕೆ ಅಧ್ಯಾಪಕಿ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಒಂದು ಅಂಕವನ್ನು ಏಕೆ ಕಡಿದಿರೆಂದು ನಾನೇ ಕೇಳಿದೆ. ಮೂರನೆಯ ಸಾಲಿನಲ್ಲಿ ‘ಶೇಕಡ 3’ ಎಂದಷ್ಟೇ ಬರೆದು, ‘ತಿಂಗಳಿಗೆ’ ಎಂಬ ಮಾತನ್ನು ಬಿಟ್ಟಿದ್ದಳು.